ಸೇತುವೆ ಮುಳುಗಿದರೂ ಎಡಿಟಿಂಗ್ ನಿಲ್ಲಬಾರದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಕಂಪ್ಲಿಯಿಂದ ಮಾತಾಡ್ತಿದ್ದೀನಿ. ಬಸ್ಸಲ್ಲಿ ಕೇಳ್ತಿರೋರು, ಅಂಗಡಿ ಕೌಂಟರಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ನಮ್ಮೂರ ಬಗ್ಗೆ ಗೊತ್ತಿಲ್ಲದೋರಿಗೆ ಒಂದು ಮಾತು. ಕಂಪ್ಲಿ ಇರೋದು ತುಂಗಭದ್ರೆಯ ದಡದಲ್ಲಿ. ನಾವು ಬಳ್ಳಾರಿ ಜಿಲ್ಲೆ. ನದಿ ದಾಟಿದರೆ ಕೊಪ್ಪಳ ಜಿಲ್ಲೆ, ಗಂಗಾವತಿ. ನಡುವೆ ಒಂದು ಹಳೇ ಸೇತುವೆ. ಮಳೆಗಾಲದಲ್ಲಿ ಹೊಸಪೇಟೆ ಡ್ಯಾಮ್ ತುಂಬಿ, ನದಿಗೆ ಲಕ್ಷದ ಮೇಲೆ ಕ್ಯೂಸೆಕ್ ನೀರು ಬಿಟ್ಟರು ಅಂದ್ರೆ ಆ ಸೇತುವೆ ಮುಳುಗುತ್ತೆ. ಪೊಲೀಸರು ಬ್ಯಾರಿಕೇಡ್ ಹಾಕ್ತಾರೆ. ಎದುರಿಗೆ ಕಾಣೋ ದಡಕ್ಕೆ ಸುತ್ತು ಹಾಕಿಕೊಂಡು ಹೋಗಬೇಕು.

ಈ ಸೇತುವೆಗೂ ವಿಡಿಯೊ ಎಡಿಟಿಂಗಿಗೂ ಏನು ಸಂಬಂಧ? ಹೇಳ್ತೀನಿ. ನಾನು ಪಾಡ್‌ಕಾಸ್ಟ್ ಮಾಡೋದು ಖುಷಿಗೆ, ಹೊಟ್ಟೆ ತುಂಬೋದು ಮದುವೆ ವಿಡಿಯೊದಿಂದ. ಶೂಟಿಂಗ್ ನಾವು ಮಾಡ್ತೀವಿ. ಎಡಿಟ್ ಮಾಡೋರು ಗಂಗಾವತಿಯಲ್ಲಿರೋ ಒಬ್ಬ ಅಕ್ಕ. ಮಗು ಚಿಕ್ಕದು, ಮನೆಯಲ್ಲೇ ಕಂಪ್ಯೂಟರ್ ಇಟ್ಕೊಂಡು ಕೆಲಸ ಮಾಡ್ತಾರೆ. ಮೊದಲೆಲ್ಲ ನಾನು ಹಾರ್ಡ್‌ಡಿಸ್ಕನ್ನ ಟವೆಲಲ್ಲಿ ಸುತ್ತಿ, ಬ್ಯಾಗಲ್ಲಿಟ್ಟು, ಬೈಕಲ್ಲಿ ಸೇತುವೆ ದಾಟಿ ಕೊಟ್ಟು ಬರ್ತಿದ್ದೆ. ಒಂದು ಮಳೆಗಾಲದಲ್ಲಿ ಸೇತುವೆ ಬಂದ್. ಹಾರ್ಡ್‌ಡಿಸ್ಕ್ ಈ ಕಡೆ, ಎಡಿಟರ್ ಆ ಕಡೆ, ಮದುವೆ ಮನೆಯವರ ಫೋನ್ ದಿನಕ್ಕೆ ಎರಡು ಸಲ.

ಅಕ್ಕ ಫೋನಲ್ಲಿ ನಕ್ಕು ಕೇಳಿದ್ರು: "ತಮ್ಮಾ, ನನಗ ಇಡೀ ಹಾರ್ಡ್‌ಡಿಸ್ಕ್ ಯಾಕ ಬೇಕು? ಕತ್ತರಿಸಾಕ ನೋಡಾಕ ಬಂದ್ರ ಸಾಕಲ್ಲ. ನೋಡೋ ಅಷ್ಟು ಕಳಿಸು."

ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಒಂದು ತಪ್ಪಿನ ಕಥೆ

ಅದಕ್ಕೂ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳಿಬಿಡ್ತೀನಿ. ಇಲ್ಲದಿದ್ರೆ ಮುಂದೆ ಹೇಳೋದೆಲ್ಲ ಬರೀ ಉಪದೇಶ ಆಗುತ್ತೆ.

ಎರಡು ಕ್ಯಾಮೆರಾದ ಮದುವೆ. ಒಂದು ಹತ್ತಿರದ ಶಾಟ್‌ಗೆ, ಇನ್ನೊಂದು ದೂರದಿಂದ ಇಡೀ ಮಂಟಪ ಕಾಣೋ ಹಾಗೆ. ಎರಡೂ ಒಂದೇ ಕಂಪನಿಯವು. ಹೊಸ ಕಾರ್ಡ್ ಹಾಕಿದಾಗ ಎರಡೂ ಫೈಲ್ ಹೆಸರನ್ನ ಒಂದೇ ಥರ ಶುರು ಮಾಡಿದ್ವು: ಸಿ0001, ಸಿ0002, ಸಿ0003. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೀತಿದೆ. ಮೊದಲನೇ ಕಾರ್ಡ್ ಕಾಪಿ ಮಾಡಿದೆ. ಎರಡನೇದನ್ನೂ ಅದೇ ಫೋಲ್ಡರಿಗೆ ಎಳೆದೆ. ಈ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ ಅಂತ ಕಂಪ್ಯೂಟರ್ ಕೇಳ್ತು. ನಾನು 'ರಿಪ್ಲೇಸ್' ಒತ್ತಿ ಮಲಗಿದೆ.

ಬೆಳಗ್ಗೆ ಇನ್ನೊಂದು ಮದುವೆ. ಕಾರ್ಡ್ ಫಾರ್ಮ್ಯಾಟ್ ಮಾಡಿ ಅದರ ಮೇಲೇ ಶೂಟ್ ಮಾಡಿದ್ವಿ. ಮೂರು ದಿನ ಆದಮೇಲೆ ಅಕ್ಕ ಫೋನ್ ಮಾಡಿ, ಹತ್ತಿರದ ಶಾಟ್ ಒಂದೂ ಇಲ್ವಲ್ಲ ಅಂದಾಗ ಎದೆ ಧಸಕ್ ಅಂತು. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆ. ಮೇಲೆ ಬೇರೆ ಮದುವೆ ಕೂತುಬಿಟ್ಟಿತ್ತು, ಏನೂ ಸಿಗಲಿಲ್ಲ.

ನಾಲ್ಕು ತಿಂಗಳ ಮೇಲೆ ಆ ಮನೆಯವರು ಮತ್ತೆ ಫೋನ್ ಮಾಡಿದ್ರು. ಹುಡುಗಿಯ ಅಜ್ಜಿ ತೀರಿಕೊಂಡಿದ್ರಂತೆ. "ಅಜ್ಜಿ ಅಕ್ಕಿಕಾಳು ಹಾಕಿದ್ದು ಇನ್ನೂ ಏನಾದ್ರೂ ಇದ್ರ ನೋಡ್ರಿ, ಹತ್ತಿರದ್ದು" ಅಂತ ಕೇಳಿದ್ರು. ದೂರದ ಕ್ಯಾಮೆರಾದಲ್ಲಿ ಅಜ್ಜಿ ಇದ್ರು. ಕೈ ಕಾಣ್ತಿತ್ತು, ಸೆರಗು ಕಾಣ್ತಿತ್ತು. ಮುಖ ಮಾತ್ರ ಯಾರದೋ ಪೇಟದ ಹಿಂದೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ನಾನು ಬಿ.ಕಾಂ. ಓದಿದೋನು. ನಮ್ಮೂರಲ್ಲಿ, ಗಂಗಾವತಿಯಲ್ಲಿ, ಭತ್ತದ ವ್ಯಾಪಾರ ಮಾಡೋ ಅಂಗಡಿಗಳಲ್ಲಿ ಸಾಯಂಕಾಲ ಕಿರ್ದಿ ಬರೆಯದೇ, ಲೆಕ್ಕ ತಾಳೆ ನೋಡದೇ ಬಾಗಿಲು ಹಾಕೋದಿಲ್ಲ. ಭತ್ತದ ಮೂಟೆಗೆ ಇರೋ ಶಿಸ್ತು ಒಂದು ಮನೆಯ ನೆನಪಿಗೆ ಇರಲಿಲ್ಲ. ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟೇ. ವರ್ಕ್‌ಫ್ಲೋ ಅಂತ ದೊಡ್ಡ ಹೆಸರಿಟ್ಟುಕೊಂಡು ತಿರುಗ್ತಿರೋದು ಬೇರೆ ಏನೂ ಅಲ್ಲ, ಅದೊಂದು ಲೆಕ್ಕದ ಪುಸ್ತಕ.

ಒಂದು: ಹೆಸರು ಮತ್ತು ತಾಳೆ

ಈಗ ನಾವು ಮಾಡೋದು ಹೇಳ್ತೀನಿ. ಒಂದು ಕೆಲಸಕ್ಕೆ ಒಂದು ಫೋಲ್ಡರ್. ಹೆಸರಲ್ಲಿ ತಾರೀಖು ಮೊದಲು, ಅದೂ ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿ. 2026ರ ಫೆಬ್ರವರಿ 12ರ ಮದುವೆ ಅಂದ್ರೆ 20260212. ಹೀಗಿಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತೆ. ಆಮೇಲೆ ಊರು, ಮನೆತನ. ಅದರ ಒಳಗೆ ಕ್ಯಾಮೆರಾಗೊಂದು ಅಕ್ಷರ, ಕಾರ್ಡಿಗೊಂದು ನಂಬರ್: ಎ1, ಎ2, ಬಿ1. ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್. ಇಷ್ಟು ಮಾಡಿದ್ರೇ ಸಾಕು, ನನ್ನ 'ರಿಪ್ಲೇಸ್' ಕಥೆ ಇನ್ಯಾರಿಗೂ ಆಗಲ್ಲ.

ಫೈಲಿಗೂ ಅದೇ ಗುರುತು ಸೇರಿಸಿ ಹೆಸರು ಬದಲಿಸ್ತೀವಿ. ಆದ್ರೆ ಒಂದೇ ಸಲ, ಶುರುವಿನಲ್ಲೇ. ಎಡಿಟಿಂಗ್ ಶುರುವಾದ ಮೇಲೆ ಹೆಸರು ಮುಟ್ಟೋ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಕಾಪಿ ಆದಮೇಲೆ ತಾಳೆ. ಕಾರ್ಡಲ್ಲಿ ಎಷ್ಟು ಫೈಲ್, ಎಷ್ಟು ಜಿಬಿ? ಡಿಸ್ಕಲ್ಲಿ ಎಷ್ಟು? ಎರಡೂ ಸರಿ ಹೋಗಬೇಕು. ಇನ್ನೂ ಗಟ್ಟಿ ಬೇಕು ಅನ್ನೋರಿಗೆ ಚೆಕ್‌ಸಮ್ ಅಂತ ಇದೆ. ಫೈಲಿನ ಒಳಗಿರೋದನ್ನೆಲ್ಲ ಲೆಕ್ಕ ಹಾಕಿ ಒಂದು ಗುರುತು ಕೊಡುತ್ತೆ, ಒಂದು ಬಿಟ್ ಬದಲಾದ್ರೂ ಗುರುತು ಬೇರೆ ಬರುತ್ತೆ. ಕಾಪಿ ಮಾಡುವಾಗಲೇ ಇದನ್ನ ನೋಡಿಕೊಳ್ಳೋ ಸೌಲಭ್ಯ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲೇ ಇದೆ, ಕ್ಲೋನ್ ಟೂಲ್ ಅಂತ.

ಎರಡು ಡಿಸ್ಕಿಗೆ ಕಾಪಿ ಆಗಿ, ಎರಡೂ ತಾಳೆಯಾಗಿ, ಗ್ರೂಪಲ್ಲಿ 'ತಾಳೆ ಆಯ್ತು' ಅಂತ ಮೆಸೇಜ್ ಬರೋವರೆಗೂ ಯಾರೂ ಕಾರ್ಡ್ ಫಾರ್ಮ್ಯಾಟ್ ಮಾಡೋ ಹಾಗಿಲ್ಲ. ಎರಡನೇ ಡಿಸ್ಕ್ ಬೇರೆ ಮನೆಯಲ್ಲಿರುತ್ತೆ. ಒಂದೇ ಬೀರುವಿನಲ್ಲಿ ಎರಡು ಕಾಪಿ ಇಟ್ಟರೆ ಕಳ್ಳನಿಗೆ ಎರಡೂ ಒಟ್ಟಿಗೇ ಸಿಗುತ್ತೆ, ಅಷ್ಟೇ.

ಎರಡು: ಭಾರದ್ದು ಇಲ್ಲಿರಲಿ, ಹಗುರದ್ದು ಹೋಗಲಿ

ಈಗ ಅಕ್ಕನ ಮಾತಿಗೆ ಬರೋಣ. ಸ್ವಲ್ಪ ಲೆಕ್ಕ ಇದೆ, ಸ್ಕಿಪ್ ಮಾಡಬೇಡಿ.

ನಮ್ಮ ಕ್ಯಾಮೆರಾ 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತೆ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ದಿನದ ಮದುವೆ, ಎರಡು ಕ್ಯಾಮೆರಾ, ಒಟ್ಟು ಹತ್ತು ಗಂಟೆ ಫುಟೇಜ್ ಅಂದ್ರೆ 450 ಜಿಬಿ. ಇದನ್ನ 40 ಎಂಬಿಪಿಎಸ್ ಫೈಬರಲ್ಲಿ ಅಪ್‌ಲೋಡ್ ಮಾಡೋಕೆ 25 ಗಂಟೆ, ಅದೂ ಒಂದು ಸಲವೂ ಕರೆಂಟ್ ಹೋಗದಿದ್ರೆ. ನೆಟ್ ಕುಂಟಿ 5 ಎಂಬಿಪಿಎಸ್‌ಗೆ ಇಳಿದ್ರೆ 200 ಗಂಟೆ, ಎಂಟು ದಿನದ ಮೇಲಾಯ್ತು.

ಅದಕ್ಕೇ ನಮ್ಮ ಕಡೆ ಹಾರ್ಡ್‌ಡಿಸ್ಕನ್ನ ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸೋ ರೂಢಿ ಇದೆ. ನಗಬೇಡಿ. ಹೊಸಪೇಟೆಯಲ್ಲಿ ಹತ್ತಿದ 450 ಜಿಬಿ ಎಂಟು ಗಂಟೆಯಲ್ಲಿ ಬೆಂಗಳೂರಲ್ಲಿ ಇಳೀತು ಅಂದ್ರೆ ಆ ಬಸ್ಸಿನ ಸ್ಪೀಡು 125 ಎಂಬಿಪಿಎಸ್. ನಮ್ಮ ಫೈಬರಿನ ಮೂರು ಪಟ್ಟು! ಆದ್ರೆ ಬಸ್ಸಿಗೆ ಹಾಕಿದ್ದು ಒಂದೇ ಕಾಪಿ ಆಗಿದ್ದು, ಡಿಕ್ಕಿಯಲ್ಲಿ ಅದರ ಮೇಲೆ ಯಾರದೋ ಮೂಟೆ ಬಿದ್ರೆ? ಮುಗೀತು.

ಇದಕ್ಕೆ ದಾರಿ ಪ್ರಾಕ್ಸಿ. ಕ್ಲಾಸಲ್ಲಿ ಫ್ರೆಂಡ್ ಹಾಜರಿ ಹೇಳ್ತಾನಲ್ಲ, ಅದೇ ಪ್ರಾಕ್ಸಿ. ಅಸಲಿ ಫೈಲ್ ಬದಲಿಗೆ ಅದೇ ಹೆಸರಿನ, ಅದೇ ಉದ್ದದ, ಅದೇ ಫ್ರೇಮ್ ರೇಟಿನ ಒಂದು ಚಿಕ್ಕ ಫೈಲ್ ಬಂದು ಕೂರುತ್ತೆ. 720ಪಿಯಲ್ಲಿ, ಸೆಕೆಂಡಿಗೆ 5 ಮೆಗಾಬಿಟ್ ಇಟ್ಟು ಮಾಡಿದ್ರೆ ಗಂಟೆಗೆ 2.25 ಜಿಬಿ. ಹತ್ತು ಗಂಟೆಗೆ 22.5 ಜಿಬಿ. ಒಳ್ಳೇ ಫೈಬರಲ್ಲಿ ಒಂದೂಕಾಲು ಗಂಟೆ. ಕುಂಟೋ ನೆಟ್ಟಲ್ಲೂ ಹತ್ತು ಗಂಟೆ. ರಾತ್ರಿ ಊಟ ಮಾಡಿ ಹಚ್ಚಿಟ್ಟರೆ ಬೆಳಗ್ಗೆ ಚಹಾ ಹೊತ್ತಿಗೆ ಗಂಗಾವತಿಯಲ್ಲಿರುತ್ತೆ. ಸೇತುವೆ ಮುಳುಗಿದ್ರೂ ಸರಿ. ಗೂಗಲ್ ಡ್ರೈವ್ ಪುಕ್ಕಟೆ ಕೊಡೋದು 15 ಜಿಬಿ, ಅದರಲ್ಲೇ ಮೇಲು, ಫೋಟೊ ಎಲ್ಲ. ಅದಕ್ಕೆ ನಾವು ಕೆಲಸಕ್ಕೆ ಅಂತಲೇ ಬೇರೆ ಅಕೌಂಟ್ ಇಟ್ಟು, ಎರಡು ಕಂತಲ್ಲಿ ಕಳಿಸಿ, ಇಳಿಸಿಕೊಂಡ ಮೇಲೆ ಅಳಿಸ್ತೀವಿ. ದಿನಕ್ಕೆ ಎರಡು ಜಿಬಿ ಪ್ಯಾಕಲ್ಲಿ ಮಾತ್ರ ಇದು ಆಗೋ ಕೆಲಸ ಅಲ್ಲ, ಆ ಆಸೆ ಬೇಡ.

ಅಕ್ಕ ಆ ಹಗುರ ಫೈಲಲ್ಲೇ ಕತ್ತರಿಸ್ತಾರೆ, ಹಾಡು ಕೂರಿಸ್ತಾರೆ. ವಾಪಸ್ ಕಳಿಸೋದು ವಿಡಿಯೊ ಅಲ್ಲ, ಪ್ರಾಜೆಕ್ಟ್ ಫೈಲ್ ಮಾತ್ರ. ಎಲ್ಲಿಂದ ಎಲ್ಲಿವರೆಗೆ, ಯಾವುದರ ನಂತರ ಯಾವುದು ಅನ್ನೋ ಪಟ್ಟಿ ಅದು. ವಾಟ್ಸ್ಆ್ಯಪಲ್ಲೇ ಬರುವಷ್ಟು ಚಿಕ್ಕದು. ನಾನು ಇಲ್ಲಿ ತೆರೆದರೆ ಅದು ಹೆಸರು ನೋಡಿ ಅಸಲಿ 4ಕೆ ಫೈಲನ್ನ ಹುಡುಕ್ಕೊಳ್ಳುತ್ತೆ. ಹೆಸರು ಬದಲಾಗಿದ್ರೆ ಸಿಗೋದಿಲ್ಲ, ಪರದೆ ತುಂಬ ಕೆಂಪು. ಅದಕ್ಕೇ ಹೇಳಿದ್ದು, ಹೆಸರು ಮುಟ್ಟಬೇಡಿ ಅಂತ. ಇದೆಲ್ಲ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲೇ ಆಗುತ್ತೆ, ಕ್ರ್ಯಾಕ್ ಸಾಫ್ಟ್‌ವೇರ್ ಹಿಂದೆ ಬೀಳೋದು ಬೇಡ.

ಒಂದು ಎಚ್ಚರಿಕೆ. ಫೋನಲ್ಲಿ ತೆಗೆದ ವಿಡಿಯೊ ಫ್ರೇಮ್ ರೇಟ್ ಒಂದೇ ಸಮ ಇರೋದಿಲ್ಲ. ಬೆಳಕು ಕಡಿಮೆ ಆದ್ರೆ ಅದೂ ಏರುಪೇರು. ಹಾಗೇ ಎಡಿಟಿಗೆ ಹಾಕಿದ್ರೆ ಹತ್ತು ನಿಮಿಷ ಆಗೋದ್ರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಹ್ಯಾಂಡ್‌ಬ್ರೇಕ್‌ನಂಥ ಪುಕ್ಕಟೆ ಸಾಫ್ಟ್‌ವೇರಲ್ಲಿ ಮೊದಲು ಸ್ಥಿರ ಫ್ರೇಮ್ ರೇಟಿಗೆ ತಂದು ಆಮೇಲೆ ಕಳಿಸಿ.

ಇದು ಹೊಸದೇನಲ್ಲ

ಇದೆಲ್ಲ ಹೊಸ ಕಾಲದ ವಿದ್ಯೆ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ರೀಲಿನ ಕಾಲದಲ್ಲೂ ಎಡಿಟರ್ ನೆಗೆಟಿವ್ ಮುಟ್ಟುತ್ತಿರಲಿಲ್ಲ. ನೆಗೆಟಿವ್‌ನಿಂದ ಒಂದು ಪ್ರಿಂಟ್ ತೆಗೆದು, ಅದನ್ನ ರಷ್ ಅಂತಿದ್ರು, ಅದರ ಮೇಲೆ ಕತ್ತರಿ ಆಡಿಸ್ತಿದ್ರು. ಫಿಲ್ಮಿನ ಅಂಚಿನಲ್ಲಿ ನಂಬರ್ ಇರ್ತಿತ್ತು. ರಷ್ ಕತ್ತರಿಸಿ ಮುಗಿದಮೇಲೆ ಆ ನಂಬರ್ ನೋಡಿ ನೆಗೆಟಿವ್ ಕತ್ತರಿಸಿ ಜೋಡಿಸ್ತಿದ್ರು. ಅಂಚಿನ ನಂಬರ್ ತಪ್ಪಿದ್ರೆ ಕಥೆ ಮುಗೀತು. ನಮ್ಮ ಪ್ರಾಕ್ಸಿ ಅಂದ್ರೆ ಆ ರಷ್. ನಮ್ಮ ಫೈಲ್ ಹೆಸರು ಅಂದ್ರೆ ಆ ಅಂಚಿನ ನಂಬರ್.

ಇನ್ನು ದೂರದಿಂದ ಕೆಲಸ ಮಾಡೋದು? ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ', 1934. ಅದು ತಯಾರಾಗಿದ್ದೇ ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ನಮ್ಮ ಸಿನಿಮಾದವರಿಗೆ ಸ್ಟುಡಿಯೋ, ಲ್ಯಾಬು, ರೆಕಾರ್ಡಿಂಗ್ ಅಂದ್ರೆ ಮದ್ರಾಸು. ಡಬ್ಬಿಗಳನ್ನ ಹೊತ್ತುಕೊಂಡು ಹೋಗೋದು, ಅಲ್ಲೇ ರೂಮ್ ಮಾಡಿ ಕಾಯೋದು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದಾಗ ಆ ಓಡಾಟ ಒಂದಿಷ್ಟು ತಪ್ಪಿತು. ಆವತ್ತು ಮದ್ರಾಸಿನ ಜಾಗದಲ್ಲಿ ಬೆಂಗಳೂರು ಬಂತು. ಈಗ ಬೆಂಗಳೂರಿನ ಜಾಗದಲ್ಲಿ ಗಂಗಾವತಿಯ ಒಂದು ರೂಮು ಬರಬಹುದು. 2022ರಲ್ಲಿ ಬಂದ 'ಕೆಜಿಎಫ್ ಚಾಪ್ಟರ್ 2' ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ಆಗಿನ್ನೂ ಹತ್ತೊಂಬತ್ತರ ಆಸುಪಾಸಿನ ಹುಡುಗ. ಕಿರುಚಿತ್ರ, ಫ್ಯಾನ್ ಎಡಿಟ್ ಮಾಡಿ ಕೈ ಪಳಗಿಸ್ಕೊಂಡವರು. ಕೈಚಳಕ ಎಲ್ಲಿ ಬೇಕಾದ್ರೂ ಹುಟ್ಟುತ್ತೆ. ಅದಕ್ಕೆ ಕೆಲಸ ಮುಟ್ಟಿಸೋ ದಾರಿ ಇರಬೇಕು.

ಮೂರು: 'ಸ್ವಲ್ಪ ಚೇಂಜ್ ಮಾಡ್ರಿ'

ಫೈಲ್ ಹೋಗಿ ಬರೋದು ಅರ್ಧ ಕಥೆ. ಇನ್ನರ್ಧ ಮಾತು ಹೋಗಿ ಬರೋದು. ಜಗಳ ಆಗೋದು ಇಲ್ಲೇ.

"ಅಣ್ಣಾರ, ಆ ಹಾಡು ಬಂದಮ್ಯಾಗ ನಮ್ಮ ಮಾವ ಬರ್ತಾನಲ್ಲ, ಅಲ್ಲಿ ಸ್ವಲ್ಪ ಕಟ್ ಮಾಡ್ರಿ" ಅಂತ ಎರಡು ನಿಮಿಷದ ವಾಯ್ಸ್ ಮೆಸೇಜ್. ಯಾವ ಹಾಡು, ಯಾವ ಮಾವ? ಹುಡುಗನ ಕಡೆಯವರು ಒಂದು ಹೇಳ್ತಾರೆ, ಹುಡುಗಿ ಕಡೆಯವರು ಅದಕ್ಕೆ ತದ್ವಿರುದ್ಧ. ಫೋಲ್ಡರಲ್ಲಿ ಫೈನಲ್, ಫೈನಲ್ 2, ಫೈನಲ್ ಹೊಸದು, ನಿಜವಾದ ಫೈನಲ್.

ನಾವು ಹಾಕಿಕೊಂಡಿರೋ ನಿಯಮ ಮೂರೇ. ಒಂದು, ನೋಡೋಕೆ ಕಳಿಸೋ ವಿಡಿಯೊ ಮೂಲೆಯಲ್ಲಿ ಓಡೋ ಸಮಯ ಕಾಣ್ತಿರುತ್ತೆ. "12 ನಿಮಿಷ 40 ಸೆಕೆಂಡಲ್ಲಿ" ಅಂತ ಹೇಳಿದ್ರೆ ಮಾತ್ರ ಲೆಕ್ಕಕ್ಕೆ ತಗೋತೀವಿ. ಎರಡು, ಎರಡೂ ಮನೆಯಿಂದ ಸೇರಿ ಒಬ್ಬರು ಹೇಳಬೇಕು, ಒಂದೇ ಗೂಗಲ್ ಶೀಟಲ್ಲಿ. ಸಮಯ, ಏನು ಬದಲಾಗಬೇಕು, ಆಯ್ತೋ ಇಲ್ಲವೋ, ಮೂರು ಕಾಲಂ. ಬರೆಯೋಕೆ ಬೇಜಾರು ಅನ್ನೋರಿಗೆ ನಾನೇ ಕೇಳಿಕೊಂಡು ತುಂಬ್ತೀನಿ. ಮೂರು, ಎರಡು ಸುತ್ತು ತಿದ್ದುಪಡಿ ನಮ್ಮ ಲೆಕ್ಕದಲ್ಲಿ, ಮೂರನೇ ಸುತ್ತಿಗೆ ಬೇರೆ ದುಡ್ಡು. ಇದನ್ನ ಅಡ್ವಾನ್ಸ್ ತಗೊಳ್ಳೋವಾಗಲೇ ಹೇಳಿರ್ತೀವಿ.

ಇದೇ ಕೆಲಸಕ್ಕೆ ಫ್ರೇಮ್ ಡಾಟ್ ಐಒ ಅಂತ ದೊಡ್ಡ ಆ್ಯಪ್ ಇದೆ, ವಿಡಿಯೊ ಮೇಲೇ ಬೆರಳಿಟ್ಟು ಅಲ್ಲೇ ಟಿಪ್ಪಣಿ ಬರೀಬಹುದು. 2021ರಲ್ಲಿ ಅಡೋಬಿ ಕಂಪನಿ ಅದನ್ನ 127.5 ಕೋಟಿ ಡಾಲರ್ ಕೊಟ್ಟು ತಗೊಳ್ತೀವಿ ಅಂತ ಘೋಷಿಸಿತು. 'ಯಾವ ಜಾಗದಲ್ಲಿ ಏನು ಬದಲಾಗಬೇಕು' ಅನ್ನೋ ಒಂದು ಸಾಲಿಗೆ ಅಷ್ಟು ಬೆಲೆ! ನಮ್ಮ ಶೀಟಿಗೆ ಬೆಲೆ ಇಲ್ಲ, ಆದ್ರೆ ಉಪಯೋಗ ಅದೇ.

ಈ ಶೀಟಿನ ದೊಡ್ಡ ಲಾಭ ಅಕ್ಕನಿಗೆ. ಮನೆಯಲ್ಲಿ ಕೂತು ಕೆಲಸ ಮಾಡೋರನ್ನ ಪುಕ್ಕಟೆ ದುಡಿಸೋದು ಬಹಳ ಸುಲಭ. "ಮನೇಲೇ ಇರ್ತೀರಲ್ಲ, ಒಂದೀಟು ಮಾಡಿಬಿಡ್ರಿ" ಅಂದ್ರೆ ಮುಗೀತು. ಮೊದಲು ಒಂದು ಮದುವೆಗೆ ಏಳೆಂಟು ಸಲ ತಿದ್ದಿ, ಮೊದಲು ಹೇಳಿದ್ದೇ ದುಡ್ಡು ತಗೋತಿದ್ರು. ನಾನೂ ಕೊಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಈಗ ಶೀಟಲ್ಲಿ ಎಷ್ಟು ಸುತ್ತು ಅಂತ ಕಾಣುತ್ತೆ. ಕಂಡದ್ದಕ್ಕೆ ಕೊಡಲೇಬೇಕು. ವೋಚರ್ ಇಲ್ಲದ ಖರ್ಚು ಇಲ್ಲ ಅಂತ ಕಾಲೇಜಲ್ಲಿ ಕಲಿತಿದ್ದು ಕೊನೆಗೂ ಕೆಲಸಕ್ಕೆ ಬಂತು.

ಕನ್ನಡ ಅಕ್ಷರದ ಗೋಳು

ಇದೊಂದು ನಮ್ಮದೇ ಸಮಸ್ಯೆ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಸಿಗಲ್ಲ. ವಧೂವರರ ಹೆಸರನ್ನ ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿ ಕಳಿಸ್ತೀವಿ. ಆ ಕಡೆ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ ಅಂದ್ರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಗೊಜ್ಜು. ಯೂನಿಕೋಡಲ್ಲಿ ಕಳಿಸಿದ್ರೂ ಕೆಲವು ಸಲ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂತಿರುತ್ತೆ. ಪ್ರೀಮಿಯರ್ ಬಳಸೋರು ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್‌ನ್ನ ಸೌತ್ ಏಷ್ಯನ್‌ಗೆ ಬದಲಿಸಿ, ಸರಿ ಹೋಗುತ್ತೆ. ಅದಕ್ಕಿಂತ ಗ್ಯಾರಂಟಿ ದಾರಿ, ಹೆಸರಿನ ಪಟ್ಟಿಯನ್ನ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಕಳಿಸೋದು. ಜೊತೆಗೆ ಲಗ್ನಪತ್ರಿಕೆಯ ಫೋಟೊ. ಅಕ್ಕ ಅದನ್ನ ಪಕ್ಕದಲ್ಲಿಟ್ಟುಕೊಂಡೇ ಹೆಸರು ನೋಡ್ತಾರೆ. ಹಾಡು ತಪ್ಪಿದ್ರೆ ಕ್ಷಮಿಸ್ತಾರೆ, ಹೆಸರು ತಪ್ಪಿದ್ರೆ ಕ್ಷಮಿಸಲ್ಲ.

ಮುಗಿಸೋ ಮುಂಚೆ

ನೀವು ಎಡಿಟರ್ ಅಲ್ಲದಿರಬಹುದು. ಆದ್ರೂ ನಿಮ್ಮ ಕೈಯಲ್ಲಿ ಒಂದು ಕ್ಯಾಮೆರಾ ಇದೆ. ಅದರಲ್ಲಿ ನಿಮ್ಮ ಅವ್ವ ಹಾಡಿದ್ದು, ಅಜ್ಜ ಬೈದಿದ್ದು ಇರುತ್ತೆ. ವಾಟ್ಸ್ಆ್ಯಪಲ್ಲಿ ಮಾಮೂಲಿ ಕಳಿಸಿದ ವಿಡಿಯೊ ಹಿಂಡಿ ಚಿಕ್ಕದಾಗಿರುತ್ತೆ, ಅದು ಅಸಲಿ ಅಲ್ಲ. ಅಸಲಿ ಬೇಕು ಅಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಎರಡು ಜಿಬಿವರೆಗೂ ಹೋಗುತ್ತೆ. ಇವತ್ತು ರಾತ್ರಿ ಒಂದೇ ಒಂದು ವಿಡಿಯೊ ಆರಿಸಿ. ತಾರೀಖು ಹಾಕಿ ಹೆಸರಿಡಿ. ಇನ್ನೊಂದು ಜಾಗದಲ್ಲಿ ಒಂದು ಕಾಪಿ ಇಡಿ. ತೆರೆದು ನೋಡಿ, ಓಡುತ್ತಾ ಅಂತ. ಐದು ನಿಮಿಷದ ಕೆಲಸ.

ಆ ಅಜ್ಜಿಯ ಮುಖ ನನಗೆ ವಾಪಸ್ ಸಿಗಲ್ಲ. ಹೋದ ವಾರ ಇನ್ನೊಂದು ಮದುವೆ, ರಾತ್ರಿ ಒಂದು ಗಂಟೆ ಆಗಿತ್ತು. ನಮ್ಮ ಜೊತೆಗಿರೋ ಹುಡುಗ ನಿದ್ದೆಗಣ್ಣಲ್ಲೇ ಎರಡು ಡಿಸ್ಕಿನ ಫೈಲ್ ಎಣಿಸಿ ಗ್ರೂಪಿಗೆ ಹಾಕಿದ: 'ತಾಳೆ ಆಯ್ತಣ್ಣ'. ಆಮೇಲೆ ಲೈಟ್ ಆರಿಸಿದ್ವಿ.

ನಿಮ್ಮ ಕಡೆ ಈ ಕೆಲಸಕ್ಕೆ ಬೇರೆ ಉಪಾಯ ಇದ್ರೆ ಹೇಳಿ, ನಾವೂ ಕಲಿತೀವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಕಂಪ್ಲಿಯಿಂದ, ನಮಸ್ಕಾರ.